ಸರ್ವರ್‌ನಿಂದ ಸಮಾಧಾನ ಬರಲಿಲ್ಲ

ತಾವು ಸ್ಟ್ಯಾಂಡರ್ಡ್ ಲೈಬ್ರರಿಗೆ ಕೆಲಸ ಮಾಡುತ್ತಿರುವುದಾಗಿ ದಕ್ಷಿಣಾಮೂರ್ತಿಗಳು ಬೀದಿಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ವಿಜಯವಾಡದ ಗವರ್ನರ್‌ಪೇಟೆಯ ಹೋಲ್‌ಸೇಲ್ ಅಂಗಡಿಗಳ ಹಿಂದಿನ ಆ ಬೀದಿಯಲ್ಲಿ ಸುದ್ದಿ ಹರಡಲು ಹೊತ್ತು ಬೇಕಿಲ್ಲ. ಮರುದಿನವೇ ಪಕ್ಕದ ಮನೆಯ ನಟರಾಜ ಬಂದು, ಹಳೆಯ ವಾರಪತ್ರಿಕೆಗಳ ಬೈಂಡ್ ಸಿಗುತ್ತದೆಯೇ ಎಂದು ವಿಚಾರಿಸಿದ. ಎದುರುಮನೆಯಾಕೆ, ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳನ್ನು ಮಧ್ಯಾಹ್ನ ಅಲ್ಲಿ ಫ್ಯಾನಿನ ಕೆಳಗೆ ಕೂರಿಸಿಕೊಳ್ಳಬಹುದೇ ಎಂದು ಕೇಳಿದರು. ದಕ್ಷಿಣಾಮೂರ್ತಿಗಳು ಮೊದಲು ವಿವರಿಸಿದರು, ಆಮೇಲೆ ರೇಗಿದರು, ಕೊನೆಗೆ ಲೈಬ್ರರಿಗೆ ರಜೆ ಎಂದು ಹೇಳಿ ಕೈತೊಳೆದುಕೊಂಡರು.

ವಿಷಯ ಇಷ್ಟೆ. ಮೈನಾ ಎಂಬುದೊಂದು ಕಂಪ್ಯೂಟರ್ ಭಾಷೆ. ಅದಕ್ಕೆ ಯಜಮಾನರಿಲ್ಲ. ಲೋಕದ ನಾನಾ ಮೂಲೆಗಳಲ್ಲಿ ಕುಳಿತವರು ಸಂಬಳವಿಲ್ಲದೆ ಅದನ್ನು ಕಟ್ಟುತ್ತಾರೆ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸುತ್ತಾರೆ. ಆ ಭಾಷೆಯ ಜೊತೆಗೇ ಸಿದ್ಧ ಸಾಮಾನಿನ ಒಂದು ಪೆಟ್ಟಿಗೆ ಬರುತ್ತದೆ. ತಾರೀಖಿನ ಲೆಕ್ಕ ಹಾಕುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಎಲ್ಲೋ ಎಡವಟ್ಟಾದರೆ ಅದನ್ನು ಜನರಿಗೆ ಅವರ ಭಾಷೆಯಲ್ಲೇ ತಿಳಿಸುವುದು, ಇಂಥ ದಿನಬಳಕೆಯ ಕೆಲಸಗಳಿಗೆಲ್ಲ ಪ್ರೋಗ್ರಾಮ್ ಬರೆಯುವವರು ಆ ಪೆಟ್ಟಿಗೆಗೇ ಕೈ ಹಾಕುತ್ತಾರೆ. ಅದರ ಹೆಸರು ಸ್ಟ್ಯಾಂಡರ್ಡ್ ಲೈಬ್ರರಿ. ಅದರಲ್ಲಿ ತೆಲುಗು ಮತ್ತು ಕನ್ನಡದ ಸಂದೇಶಗಳ ಫೈಲುಗಳು ದಕ್ಷಿಣಾಮೂರ್ತಿಗಳ ಸುಪರ್ದಿಯಲ್ಲಿದ್ದವು, ಎರಡರ ನೆತ್ತಿಯ ಮೇಲೂ ಅವರ ಹೆಸರಿತ್ತು. ತೆಲುಗಿನ ಮೇಲಿದ್ದ ಹೆಸರಿನ ಬಗ್ಗೆ ಅವರಿಗೆ ವಿಶೇಷ ಏನೂ ಅನ್ನಿಸುತ್ತಿರಲಿಲ್ಲ. ವಿಜಯವಾಡದಲ್ಲಿ ನಿಂತು ನನಗೆ ತೆಲುಗು ಬರುತ್ತದೆ ಎಂದು ಮೀಸೆ ತಿರುವಿದರೆ ನಗುತ್ತಾರೆ. ಕನ್ನಡದ ಮೇಲಿದ್ದ ಹೆಸರು ಮಾತ್ರ ಅವರ ಪ್ರಾಣ.

ಅವರ ತಾಯಿ ಚೆನ್ನಮ್ಮ ಹಿರಿಯೂರಿನವರು. ದೂರದ ನೆಂಟಸ್ತಿಕೆಯಲ್ಲಿ ಸಂಬಂಧ ಕೂಡಿ, ತೆಲುಗು ಮನೆಯ ಸೊಸೆಯಾಗಿ ಬೆಜವಾಡಕ್ಕೆ, ಎಂದರೆ ಈಗಿನ ವಿಜಯವಾಡಕ್ಕೆ, ಬಂದವರು. ಗಂಡ ತೆಲುಗು, ಅತ್ತೆ ತೆಲುಗು, ಹಾಲಿನವನೂ ತೆಲುಗು. ಅಷ್ಟೆಲ್ಲ ತೆಲುಗಿನ ನಡುವೆ ಮಗನಿಗೆ ಕನ್ನಡದಲ್ಲಿ ಮಾತು ಕಲಿಸಿದರು, ಸ್ಲೇಟು ಹಿಡಿಸಿ ಅಕ್ಷರವನ್ನೂ ಕಲಿಸಿದರು. ಅಕ್ಕ ಸೀತಾಮಹಾಲಕ್ಷ್ಮಿ ಕನ್ನಡ ಬಿಟ್ಟು ಯಾವ ಕಾಲವೋ ಆಗಿತ್ತು. ಹೆಂಡತಿ ಕೋಟೇಶ್ವರಮ್ಮನವರಿಗೆ ಮೊದಲಿನಿಂದಲೂ ಬಾರದು. ತಾಯಿಯ ಭಾಷೆಯನ್ನು ಉಳಿಸಿಕೊಂಡವನು ಮನೆತನದಲ್ಲಿ ತಾನೊಬ್ಬನೇ ಎಂದು ದಕ್ಷಿಣಾಮೂರ್ತಿಗಳು ಒಳಗೊಳಗೇ ಹಿಗ್ಗುತ್ತಿದ್ದರು. ಕೇಳುವವರು ಸಿಕ್ಕರೆ ಹೊರಗೂ ಹಿಗ್ಗುತ್ತಿದ್ದರು.

ಇಂಥವರ ಕನ್ನಡ ಫೈಲಿನ ಮೇಲೆ ವಿಶಾಖಪಟ್ಟಣದಿಂದ ಒಂದು ಬಗ್ ರಿಪೋರ್ಟ್ ಬಂತು.

ಬಗ್ ಎಂದರೆ ದೋಷ. ಮೈನಾದಲ್ಲಿ ದೋಷ ಕಂಡವರು ಯಾರಾದರೂ ಅದರ ವೆಬ್‌ಸೈಟಿನಲ್ಲಿ ದೂರು ಬರೆಯಬಹುದು. ಆ ಭಾಗದ ಉಸ್ತುವಾರಿ ಯಾರದೋ ಅವರು ಅದನ್ನು ಒಪ್ಪಿ ಸರಿಪಡಿಸಬೇಕು, ಇಲ್ಲವೇ ಇದು ದೋಷವಲ್ಲ ಎಂದು ಮುಚ್ಚಬೇಕು. ದೂರು ಬರೆದವಳು ಇಂಚರಾ. ಊರು ತಿಪಟೂರು, ಕೆಲಸ ದುವ್ವಾಡದ ವಿಶೇಷ ಆರ್ಥಿಕ ವಲಯದ ಒಂದು ಕಂಪನಿಯಲ್ಲಿ. ಅವರ ಕಂಪನಿ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಟೋಕನ್ ಕೊಡುವ ಯಂತ್ರ ಮಾಡುತ್ತಿತ್ತು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ. ಅದಕ್ಕೆ ಸಂಬಳವನ್ನೂ ಕೊಡುತ್ತಾರೆಂದರೆ ಕೋಟೇಶ್ವರಮ್ಮನವರು ಇವತ್ತಿಗೂ ನಂಬುವುದಿಲ್ಲ.

ರಿಪೋರ್ಟಿನಲ್ಲಿ ಅವಳು ಬರೆದದ್ದು ಹೀಗಿತ್ತು: ಕರ್ನಾಟಕದ ಒಂದು ಆಸ್ಪತ್ರೆಯ ಯಂತ್ರದಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಆಗ ‘ಸರ್ವರ್‌ನಿಂದ ಉತ್ತರ ಬರಲಿಲ್ಲ’ ಎಂಬ ಸಂದೇಶ ಬರಬೇಕಿತ್ತು. ಬಂದ ಸಂದೇಶ: ‘ಸರ್ವರ್‌ನಿಂದ ಸಮಾಧಾನ ಬರಲಿಲ್ಲ.’ ಯಂತ್ರದ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಅದನ್ನು ಓದಿ, ‘ನನಗೂ ಎಲ್ಲೂ ಬರ್ಲಿಲ್ಲ ಕಣಪ್ಪ’ ಎಂದು ಯಂತ್ರಕ್ಕೆ ತಮ್ಮ ಸೊಸೆಯ ವಿಷಯ ಹೇಳಲು ಶುರುಮಾಡಿದರು. ಕ್ಯೂ ನಿಂತೇ ಹೋಯಿತು.

ಇದರಲ್ಲಿ ದೋಷವೇನು ಎಂದು ದಕ್ಷಿಣಾಮೂರ್ತಿಗಳಿಗೆ ನಿಜವಾಗಿಯೂ ತಿಳಿಯಲಿಲ್ಲ. ಪ್ರಶ್ನೆ ಕೇಳಿದರೆ ಸಮಾಧಾನ ಬರುತ್ತದೆ. ಬರದಿದ್ದರೆ ಬರಲಿಲ್ಲ ಎನ್ನಬೇಕು. ಸರ್ವೀಸಿನಲ್ಲಿದ್ದಷ್ಟು ಕಾಲ ಅವರು ಇಬ್ರಾಹಿಂಪಟ್ನಂನ ಉಷ್ಣ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕುಳಿತು, ಹೊಡೆದುಕೊಳ್ಳುವ ಅಲಾರಂಗಳಲ್ಲಿ ಯಾವುದನ್ನು ನಂಬಬೇಕು, ಯಾವುದರ ಬಾಯಿ ಮುಚ್ಚಿಸಬೇಕು ಎಂದು ತೀರ್ಮಾನಿಸಿದವರು. ಇದು ಬಾಯಿ ಮುಚ್ಚಿಸುವ ಜಾತಿಯದು ಎಂದು ಅವರಿಗೆ ಅನ್ನಿಸಿತು. ‘ದೋಷವಲ್ಲ’ ಎಂದು ಮುಚ್ಚಿ ಕಾಫಿ ಕುಡಿದರು.

ಓದುಗರಿಗೆ ಇಲ್ಲಿ ಒಂದು ಮಾತು ಹೇಳಿಬಿಡಬೇಕು. ತೆಲುಗಿನವರು ಉತ್ತರಕ್ಕೆ ಸಮಾಧಾನ ಎನ್ನುತ್ತಾರೆ, ತಡಕ್ಕೆ ಆಲಸ್ಯ ಎನ್ನುತ್ತಾರೆ, ಅಗತ್ಯಕ್ಕೆ ಅವಸರ ಎನ್ನುತ್ತಾರೆ. ಕನ್ನಡದಲ್ಲೂ ಈ ಮೂರು ಮಾತುಗಳಿವೆ, ಆದರೆ ಅವುಗಳ ಸಂಸಾರವೇ ಬೇರೆ. ಇದು ಲೋಕಕ್ಕೆಲ್ಲ ಗೊತ್ತು, ದಕ್ಷಿಣಾಮೂರ್ತಿಗಳಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವರು ಕನ್ನಡದಲ್ಲಿ ಮಾತಾಡುತ್ತಿದ್ದುದು ಜಗತ್ತಿನಲ್ಲಿ ಒಬ್ಬರೊಡನೆ, ಅವರು ಆಡಿದ್ದೆಲ್ಲ ಆ ಒಬ್ಬರಿಗೆ ಅರ್ಥವಾಗುತ್ತಿತ್ತು.

ಇಂಚರಾ ಬಿಡಲಿಲ್ಲ. ಎರಡನೆಯ ರಿಪೋರ್ಟು ಬಂತು. ಯಂತ್ರದ ಮುಂದೆ ಒಬ್ಬರು ತಡಮಾಡಿದ್ದರಿಂದ ‘ನಿಮ್ಮ ಆಲಸ್ಯದ ಕಾರಣ ಸಂಪರ್ಕ ಕಡಿದಿದೆ’ ಎಂದು ತೆರೆಯ ಮೇಲೆ ಮೂಡಿತ್ತು. ಅವರು ನಿವೃತ್ತ ಹೆಡ್‌ಮಾಸ್ಟರು. ತಮ್ಮನ್ನು ಸೋಮಾರಿ ಎನ್ನಲು ಈ ಡಬ್ಬಿ ಯಾರು ಎಂದು ಸೂಪರಿಂಟೆಂಡೆಂಟ್ ಕೋಣೆಯ ಮುಂದೆ ಧರಣಿ ಕೂತರು. ಮೂರನೆಯದು ರಕ್ತಪರೀಕ್ಷೆಯದು. ಬರಿಹೊಟ್ಟೆಯಲ್ಲಿ ಬರುವ ಅಗತ್ಯವಿಲ್ಲ ಎಂಬುದನ್ನು ಯಂತ್ರ, ಫೈಲಿನ ಸಿದ್ಧ ಮಾತನ್ನು ಜೋಡಿಸಿಕೊಂಡು, ‘ಉಪವಾಸ ಅವಸರವಿಲ್ಲ’ ಎಂದು ತಿಳಿಸಿತ್ತು. ರೋಗಿ ಅದನ್ನು ಓದಿ, ‘ಹಂಗಾದ್ರೆ ಏಕಾದಶಿಗೆ ಮಾಡಿದ್ರಾಯ್ತು’ ಎಂದು ಮನೆಗೆ ಹೋದವನು ಪರೀಕ್ಷೆಗೆ ಬರಲೇ ಇಲ್ಲ.

ಎರಡನ್ನೂ ದಕ್ಷಿಣಾಮೂರ್ತಿಗಳು ಮುಚ್ಚಿದರು. ಇಂಚರಾ ಮೊದಲಿನದೂ ಸೇರಿ ಮೂರನ್ನೂ ಮತ್ತೆ ತೆರೆದಳು. ಅವರು ಶಂಕೆ-ಸಮಾಧಾನ ಎಂಬ ಶಾಸ್ತ್ರದ ಮಾತನ್ನು ಎತ್ತಿ ತಂದರು. ಅವಳು, ಸರ್ವರ್ ಶಾಸ್ತ್ರ ಓದಿಲ್ಲ ಸರ್ ಎಂದಳು. ಕೊನೆಗೆ ದಕ್ಷಿಣಾಮೂರ್ತಿಗಳು ಬ್ರಹ್ಮಾಸ್ತ್ರ ಬಿಟ್ಟರು: ‘ಇದು ನಾನು ನನ್ನ ತಾಯಿಯಿಂದ ಕಲಿತ ಕನ್ನಡ. ಅವರು ಹಿರಿಯೂರಿನವರು. ನನ್ನ ತಾಯಿಯಲ್ಲಿ ದೋಷವಿದೆ ಎನ್ನುತ್ತೀರಾ?’ ಅದಕ್ಕೆ ಅವಳು ತಣ್ಣಗೆ ಬರೆದಳು: ‘ತಾಯಿಯವರಿಗೆ ನಮಸ್ಕಾರ ತಿಳಿಸಿ ಸರ್. ದೋಷ ಅವರಲ್ಲಿಲ್ಲ, ಫೈಲಿನಲ್ಲಿದೆ.’

ಅಂದು ದಕ್ಷಿಣಾಮೂರ್ತಿಗಳು ಊಟಕ್ಕೆ ಕೂತಾಗ ಅನ್ನಕ್ಕೆ ತುಪ್ಪ ಹಾಕಿಕೊಳ್ಳುವುದನ್ನೇ ಮರೆತರು. “ಎಂದುಕಂಡೀ ಈ ಗೊಡವ ಮೀಕು?” ಎಂದು ಕೋಟೇಶ್ವರಮ್ಮ ಕೇಳಿದರು. ಈ ಉಸಾಬರಿ ನಿಮಗೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಗಂಡ ಅದಕ್ಕೆ ಉತ್ತರ ಕೊಡದೆ, ತಿಪಟೂರು ಹಿರಿಯೂರಿಗಿಂತ ದೊಡ್ಡ ಊರೇ ಎಂದು ಗೋಡೆಯನ್ನು ಕೇಳುತ್ತಿದ್ದರು.

ಜಗಳ ಮೇಲಕ್ಕೆ ಹೋಯಿತು. ಮೈನಾದ ಇಡೀ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ನೋಡಿಕೊಳ್ಳುವ ಹೆಂಗಸು ಫಿನ್‌ಲ್ಯಾಂಡಿನಲ್ಲಿದ್ದರು. ಅವರು ಬರೆದರು: ‘ಕ್ಷಮಿಸಿ, ನಿಮ್ಮ ಎರಡು ಭಾಷೆಗಳ ದುಂಡು ಅಕ್ಷರಗಳಲ್ಲಿ ಯಾವುದು ಯಾವ ಭಾಷೆಯದೆಂದೇ ನನಗೆ ತಿಳಿಯುವುದಿಲ್ಲ. ಇಬ್ಬರೂ ಒಪ್ಪುವ ಮೂರನೆಯ ಕನ್ನಡಿಗರೊಬ್ಬರನ್ನು ಕೇಳಿ. ಅವರು ಹೇಳಿದ್ದೇ ಕೊನೆ. ಫೈಲು ತಪ್ಪೆಂದು ತೀರ್ಮಾನವಾದರೆ ಉಸ್ತುವಾರಿಯನ್ನೂ ಬದಲಿಸೋಣ.’ ಅತ್ತ ಆಸ್ಪತ್ರೆಯವರೂ, ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಕನ್ನಡ ಕಿತ್ತುಹಾಕಿ ಬರೀ ಇಂಗ್ಲಿಷ್ ಇಡುತ್ತೇವೆ ಎಂದಿದ್ದರು.

ಮೂರನೆಯವರು ಯಾರೆಂದು ದಕ್ಷಿಣಾಮೂರ್ತಿಗಳು ಕ್ಷಣವೂ ಯೋಚಿಸಲಿಲ್ಲ. ‘ಮೂಲವನ್ನೇ ಕೇಳೋಣ’ ಎಂದು ಬರೆದರು. ಮೂಲ ಎಂದರೆ ಚೆನ್ನಮ್ಮ. ಇಂಚರಾ ಕೂಡಲೇ ಒಪ್ಪಿದಳು. ಹಿರಿಯೂರಿನ ಅಜ್ಜಿ ಯಾವ ತೀರ್ಪು ಕೊಡುತ್ತಾರೆಂದು ಅವಳಿಗೂ ಅನುಮಾನವಿರಲಿಲ್ಲ.

ಚೆನ್ನಮ್ಮ ಆಗ ವಿಶಾಖಪಟ್ಟಣದಲ್ಲಿ, ಗಾಜುವಾಕದ ಮಗಳ ಮನೆಯಲ್ಲಿದ್ದರು. ಬೆಜವಾಡದ ಬಿಸಿಲು ತಡೆಯಲಾರದೆ ಬೇಸಿಗೆಗೆ ಅಲ್ಲಿಗೆ ಹೋಗುವುದು ವಾಡಿಕೆ. ಫೋನಿನಲ್ಲಿ ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಹೀಗಾಗಿ ಒಂದು ಭಾನುವಾರ ದಕ್ಷಿಣಾಮೂರ್ತಿಗಳು ಲ್ಯಾಪ್‌ಟಾಪು, ನೀರಿನ ಬಾಟಲಿ ಹಿಡಿದು ಬೆಳಗಿನ ರೈಲು ಹತ್ತಿದರು. ದುವ್ವಾಡದಲ್ಲಿ ಇಳಿದಾಗ ಇಂಚರಾ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದಳು. ಇಷ್ಟು ದಿನ ತಮ್ಮ ನಿದ್ದೆ ಕೆಡಿಸಿದವಳು ಕನ್ನಡಕ ಹಾಕಿದ, ಬೆವರಿದ, ಸಾದಾ ಹುಡುಗಿ ಎಂದು ನೋಡಿ ಅವರಿಗೆ ಸ್ವಲ್ಪ ನಿರಾಶೆಯೇ ಆಯಿತು.

“ಕ್ಷಮಿಸಬೇಕು ಇಂಚರಾ ಗಾರೂ, ಬಂಡಿ ಆಲಸ್ಯ ಆಯಿತು.”

ಇಂಚರಾ ತುಟಿ ಕಚ್ಚಿದಳು. “ಬಂಡಿಗೇ ಆಲಸ್ಯ ಬಂದ್ರೆ ನಾವೇನ್ ಮಾಡೋಕಾಗುತ್ತೆ, ಬಿಡಿ ಸರ್.”

ಹುಡುಗಿ ಒಳ್ಳೆಯವಳೇ ಎಂದುಕೊಂಡರು ದಕ್ಷಿಣಾಮೂರ್ತಿಗಳು. ಆಟೋ ಹತ್ತಿದರು. ಸೀಟು ಬೆಂಕಿಯಾಗಿತ್ತು. ಇಂಚರಾ ದುಪಟ್ಟಾದಲ್ಲಿ ಮುಖ ಒರೆಸಿಕೊಳ್ಳುವುದನ್ನು ನೋಡಿ ಅವರು ಬಾಟಲಿ ಹೊರತೆಗೆದರು.

“ನೀರು ಅವಸರವೇನಮ್ಮಾ?”

“ಅವಸರ ಏನಿಲ್ಲ ಸರ್.”

ಅವರು ಬಾಟಲಿಯನ್ನು ಚೀಲದೊಳಕ್ಕೆ ಇಟ್ಟುಬಿಟ್ಟರು. ಇಂಚರಾ ಚೀಲವನ್ನು ನೋಡಿದಳು, ಅವರನ್ನು ನೋಡಿದಳು. ಒಂದು ಸಿಗ್ನಲ್ ದಾಟಿದ ಮೇಲೆ ಅವರು ಪಾಪ ಎನ್ನಿಸಿ ಮತ್ತೆ ಕೇಳಿದರು. ಈ ಸಲ ಅವಳು ಬುದ್ಧಿ ಖರ್ಚು ಮಾಡಿ, “ತುಂಬಾ ಅವಸರ ಸರ್” ಎಂದಳು. ಬಾಟಲಿ ಅರ್ಧಕ್ಕೆ ಇಳಿಯಿತು. ಈ ಜಗಳದಲ್ಲಿ ತಾನು ಗೆದ್ದರೆ ಅದು ಈ ಮನುಷ್ಯನನ್ನು ಏನು ಮಾಡೀತು ಎಂಬ ಯೋಚನೆ ಬಹುಶಃ ಅವಳಿಗೆ ಆಗಲೇ ಬಂದಿತ್ತು. ದಾರಿಯುದ್ದಕ್ಕೂ ರಿಪೋರ್ಟಿನ ಮಾತೇ ಎತ್ತಲಿಲ್ಲ.

ಸೀತಾಮಹಾಲಕ್ಷ್ಮಿಯ ಮನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಸಂಭ್ರಮ. ಆಕೆ ತಮ್ಮನನ್ನು ತೆಲುಗಿನಲ್ಲಿ ಬರಮಾಡಿಕೊಂಡು, ತೆಲುಗಿನಲ್ಲೇ ತಾಯಿಯನ್ನು ಕೂಗಿ, ಹೋಳುಗಳನ್ನು ಕಾಗೆಯಿಂದ ಕಾಯಲು ತಾರಸಿಗೆ ಹೊರಟುಹೋದರು. ಚೆನ್ನಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ತೆಳ್ಳನೆ ಜೀವ, ದಪ್ಪ ಕನ್ನಡಕ.

“ಯಾವೂರಮ್ಮ ನಿಂದು?”

“ತಿಪಟೂರು ಅಜ್ಜಿ.”

“ಅಯ್ಯೋ, ನಮ್ಮ ಕಡೇ ಕೂಸು ಕಣೋ ಮೂರ್ತಿ!” ಎಂದು ಚೆನ್ನಮ್ಮ ಅವಳ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಅವರಿಬ್ಬರೂ ಮಾತಾಡಿದ ವೇಗ ಕಂಡು ದಕ್ಷಿಣಾಮೂರ್ತಿಗಳು ಬೆರಗಾದರು. ತಾಯಿ ಇಷ್ಟು ಬೇಗ ಬೇಗ ಮಾತಾಡಿದ್ದನ್ನು ಅವರು ಕೇಳಿಯೇ ಇರಲಿಲ್ಲ. ನಡುನಡುವೆ ಕೆಲವು ಮಾತು ಕೈಗೆ ಸಿಗದೆ ಹಾರಿಹೋದವು. ಬಹುಶಃ ಫ್ಯಾನಿನ ಸದ್ದು ಎಂದುಕೊಂಡರು.

ಕಲಾಪ ಆರಂಭವಾಯಿತು. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಲ್ಯಾಪ್‌ಟಾಪ್ ತೆರೆದಿಟ್ಟು, ಇಂಚರಾಳನ್ನು ಎದುರಿಗೆ ಕೂರಿಸಿಕೊಂಡು ದಕ್ಷಿಣಾಮೂರ್ತಿಗಳು ಗಂಟಲು ಸರಿಪಡಿಸಿಕೊಂಡರು.

“ಅಮ್ಮಾ, ಸಮಾಧಾನ ಅಂದ್ರೆ ಏನು? ಪ್ರಶ್ನೆಗೆ ಕೊಡೋ ಜವಾಬು ಅಂತ ನಾನು. ಅಲ್ಲ, ಮನಸ್ಸಿನ ನೆಮ್ಮದಿ ಅಂತ ಈಕೆ. ಈಕೆ ಹೇಳಿದ್ದು ಸರಿಯಾದರೆ ಕನ್ನಡದ ಮೇಲಿಂದ ನನ್ನ ಹೆಸರು ತೆಗೀತಾರೆ. ನೀನೇ ಹೇಳಬೇಕು.”

ಚೆನ್ನಮ್ಮ ಮಗನ ಮುಖ ನೋಡಿದರು. ಇಂಚರಾಳ ಮುಖ ನೋಡಿದರು. ಸೆರಗಿನ ತುದಿಯಿಂದ ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ಮಗನನ್ನು ನೋಡಿದರು.

“ನೀನು ಹೇಳಿದ್ದೇ ಸರಿ ಕಣಪ್ಪಾ.”

“ಆಲಸ್ಯ?”

“ಅದೂ ಸರಿ.”

“ಅರ್ಥ ಏನು ಅಂತ ನಾನಿನ್ನೂ ಹೇಳಲೇ ಇಲ್ಲ ಅಮ್ಮಾ.”

“ನೀನು ಏನು ಹೇಳಿದ್ರೂ ಸರಿಯಾಗೇ ಹೇಳ್ತೀಯಾ. ಇನ್ನೂ ಏನಾದ್ರೂ ಇದ್ರೆ ಅದೂ ಸರಿ. ಏಳು, ಕೈಕಾಲು ತೊಳ್ಕೊ, ಊಟಕ್ಕೆ ಹೊತ್ತಾಯ್ತು.”

ಇಂಥ ಸಾಕ್ಷಿಯನ್ನು ಯಾವ ಕೋರ್ಟಾದರೂ ಬಾಗಿಲಾಚೆ ಕಳಿಸುತ್ತಿತ್ತು. ದಕ್ಷಿಣಾಮೂರ್ತಿಗಳಿಗೆ ಮಾತ್ರ ಅದು ವೇದವಾಕ್ಯದಂತೆ ಕೇಳಿಸಿತು. ಇಂಚರಾ ಬಹಳ ಹೊತ್ತು ಅಜ್ಜಿಯನ್ನೇ ನೋಡುತ್ತಿದ್ದಳು. ಆಮೇಲೆ ಫೋನ್ ತೆಗೆದು, ‘ಇಬ್ಬರೂ ಒಪ್ಪಿದ ಮೂರನೆಯವರು ಫೈಲು ಸರಿ ಎಂದಿದ್ದಾರೆ’ ಎಂದು ಬರೆದು ಮೂರು ರಿಪೋರ್ಟುಗಳನ್ನೂ ತಾನೇ ಮುಚ್ಚಿದಳು. “ನಿಯಮ ನಿಯಮವೇ ಸರ್” ಎಂದು ಎದ್ದು, ಅಜ್ಜಿಗೆ ನೆರವಾಗಲು ಒಳಗೆ ಹೋದಳು.

ಗೆಲುವು ಮನುಷ್ಯನನ್ನು ಉದಾರಿಯನ್ನಾಗಿ ಮಾಡುತ್ತದೆ. ಹುಡುಗಿಯ ಮನಸ್ಸಿಗೆ ನೋವಾಗಿರಬೇಕು, ಎರಡು ಒಳ್ಳೆಯ ಮಾತಾಡೋಣ ಎಂದು ದಕ್ಷಿಣಾಮೂರ್ತಿಗಳು ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಯ ಕಡೆ ನಡೆದರು. ಬಾಗಿಲು ಅರೆ ತೆರೆದಿತ್ತು.

“ಅಜ್ಜಿ, ನೀವು ಸುಳ್ಳು ಹೇಳಿದ್ರಿ,” ಇಂಚರಾ ಹೇಳುತ್ತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಹೂಂ ಕಣಮ್ಮಾ, ಹೇಳ್ದೆ.” ಚೆನ್ನಮ್ಮ ದನಿ ತಗ್ಗಿಸಿದರು. ಕಿವಿ ಮಂದವಾದವರ ತಗ್ಗಿದ ದನಿ ಹಜಾರದವರೆಗೂ ಕೇಳಿಸುತ್ತದೆ. “ನಮ್ಮ ಮೂರ್ತಿಗೆ ಕನ್ನಡ ಬರಲ್ಲ. ನೀನು ಯಾರಿಗೂ ಹೇಳಕ್ಕೋಗಬೇಡ.”

ಕೈತೊಳೆಯುವ ನಲ್ಲಿಯನ್ನು ಹಿಡಿದ ದಕ್ಷಿಣಾಮೂರ್ತಿಗಳು ಅದನ್ನು ತಿರುಗಿಸಲಿಲ್ಲ.

“ಚಿ‌ಕ್ಕೋನಿದ್ದಾಗ ಏನಾದ್ರೂ ಕೇಳೋನು. ಕೇಳ್ಬುಟ್ಟು, ‘ಸಮಾಧಾನ ಹೇಳಮ್ಮಾ, ಸಮಾಧಾನ ಹೇಳು’ ಅಂತ ಸೆರಗು ಹಿಡಿದು ಜಗ್ಗೋನು. ಜವಾಬು ಕೇಳ್ತಾವ್ನೆ ಅಂತ ನಂಗೆ ತಿಳಿಯೋಕೇ ಎಷ್ಟೋ ದಿನ ಹಿಡೀತು. ಅಲ್ಲೀಗಂಟ ಎತ್ಕೊಂಡು ಬೆನ್ನು ತಟ್ತಿದ್ದೆ. ಸೂರ್ಯ ಎಲ್ಲಿಗೆ ಹೋಗ್ತಾನೆ ಅಂತ ಕೇಳಿದ್ರೂ ಬೆನ್ನು ತಟ್ಟೋದೇಯ!”

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಇಂಚರಾ ಕೇಳಿದಳು: “ಆಗ್ಲೇ ತಿದ್ದಬಹುದಿತ್ತಲ್ಲ ಅಜ್ಜಿ?”

“ಸೀತನ್ನ ತಿದ್ದಿದ್ನಲ್ಲ. ಬಾಯಿ ಬಿಟ್ರೆ ತಿದ್ದೋದು, ಹಂಗಲ್ಲ ಹಿಂಗೆ ಅನ್ನೋದು. ಒಂದಿನ ‘ಪೋ ಅಮ್ಮಾ’ ಅಂತ ತೆಲುಗಿಗೆ ಹೋದೋಳು, ತಿರುಗಿ ಬರಲೇ ಇಲ್ಲ. ಇವನೊಬ್ಬ ಉಳಿದಿದ್ದ. ಆ ಬೆಜವಾಡದಲ್ಲಿ ನನ್ನ ಜೊತೆ ಕನ್ನಡ ಆಡೋ ಜೀವ ಅಂದ್ರೆ ಇವನೊಬ್ನೇ ಕಣಮ್ಮಾ. ಇವನ್ನೂ ತಿದ್ದಿ ಬಾಯಿ ಮುಚ್ಚಿಸ್ಲಾ? ತಪ್ಪೋ ನೆಪ್ಪೋ, ಆಡ್ಲಿ ಅಂತ ಬಿಟ್ಟೆ. ಈಗ್ಲೂ ದಿನಾ ಫೋನ್ ಮಾಡ್ತಾನೆ. ನಂಗೆ ಕೇಳ್ಸಲ್ಲ. ಆದ್ರೂ ಹೂಂ ಹೂಂ ಅಂತೀನಿ. ಅವನು ಆಡ್ತಾ ಇದ್ರೆ ಸಾಕು.”

ದಕ್ಷಿಣಾಮೂರ್ತಿಗಳು ಮೆಲ್ಲಗೆ ಹಿಂದಕ್ಕೆ ಬಂದು ಲ್ಯಾಪ್‌ಟಾಪಿನ ಮುಂದೆ ಕುಳಿತರು. ತೆರೆಯ ಮೇಲೆ ಕನ್ನಡದ ಫೈಲು ತೆರೆದೇ ಇತ್ತು, ನೆತ್ತಿಯಲ್ಲಿ ಅವರ ಹೆಸರು. ಮೇಲಿನಿಂದ ಕೆಳಗಿನವರೆಗೆ ಓದಿದರು. ಯಾವ ಮಾತು ತಾಯಿಯದು, ಯಾವುದು ಬೀದಿಯದು, ಯಾವುದು ಹಾಲಿನವನದು ಎಂದು ಈಗ ಅವರಿಗೆ ಒಂದೂ ತಿಳಿಯಲಿಲ್ಲ. ಕಣ್ಣು ತುಂಬಿತು. ಈ ವಯಸ್ಸಿನಲ್ಲಿ ತಾಯಿಭಾಷೆಯಲ್ಲಿ ಫೇಲಾಗುವುದೆಂದರೆ ಸಣ್ಣ ಮಾತಲ್ಲ.

ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ರಿಪೋರ್ಟು ಮುಚ್ಚಿತ್ತು, ಹೆಸರು ಉಳಿದಿತ್ತು. ಹುಡುಗಿ ಬಾಯಿಬಿಡುವವಳಲ್ಲ, ಅಜ್ಜಿ ಮೊದಲೇ ಬಿಡಳು. ಫಿನ್‌ಲ್ಯಾಂಡಿನವರಿಗೆ ಅಕ್ಷರವೇ ಗೊತ್ತಿಲ್ಲ. ಆದರೆ ಎಲ್ಲೋ ಒಂದು ಆಸ್ಪತ್ರೆಯಲ್ಲಿ ಕಾಯಿಲೆಯಿಂದ ನಿಂತ ಜನಕ್ಕೆ ತಮ್ಮ ಫೈಲು ಸೋಮಾರಿಗಳೇ ಎಂದು ಬೈಯುತ್ತಿದೆಯಲ್ಲ ಎಂದು ನೆನೆದಾಗ, ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ಹಳೆಯ ಎಂಜಿನಿಯರ್ ಎದ್ದು ನಿಂತ. ನಿಜವಾದ ಅಲಾರಂ ಎಂದು ತಿಳಿದ ಮೇಲೂ ಅದರ ಬಾಯಿ ಮುಚ್ಚಿಸಿದ ಅಪಕೀರ್ತಿ ಅವರ ಸರ್ವೀಸಿನಲ್ಲಿ ಇರಲಿಲ್ಲ.

ಮೂರು ರಿಪೋರ್ಟುಗಳನ್ನೂ ಅವರೇ ತೆರೆದರು. ಇಂಚರಾ ಸೂಚಿಸಿದ್ದ ತಿದ್ದುಪಡಿಗಳನ್ನೆಲ್ಲ ಒಪ್ಪಿದರು. ಕಾರಣದ ಜಾಗದಲ್ಲಿ ‘ಮೂಲವನ್ನು ಇನ್ನೊಮ್ಮೆ ಕೇಳಿದೆ. ವರದಿ ಸರಿ, ತಪ್ಪು ನನ್ನದು’ ಎಂದು ಬರೆದರು. ಫೈಲಿನ ನೆತ್ತಿಯ ಮೇಲಿದ್ದ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಆ ಜಾಗದಲ್ಲಿ ಇಂಚರಾ ಎಂದು ಬರೆದು ಗುಂಡಿ ಒತ್ತಿದರು.

ಅಡುಗೆಮನೆಯಲ್ಲಿ ಫೋನು ಟಿಣ್ ಎಂದಿತು. ಮತ್ತೆ ಟಿಣ್, ಮತ್ತೆ ಟಿಣ್. ಇಂಚರಾ ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಏನೋ ಹೇಳಲು ಬಾಯಿ ತೆರೆದಳು. ದಕ್ಷಿಣಾಮೂರ್ತಿಗಳು ತುಟಿಯ ಮೇಲೆ ಬೆರಳಿಟ್ಟು, ಒಳಗಿದ್ದ ತಾಯಿಯ ಕಡೆ ಕಣ್ಣು ತೋರಿಸಿ, ತಲೆ ಅಲ್ಲಾಡಿಸಿದರು. ಅವಳು ಬಾಯಿ ಮುಚ್ಚಿಕೊಂಡಳು, ಕಣ್ಣು ಒರೆಸಿಕೊಂಡಳು. ಒಗ್ಗರಣೆಯ ಘಾಟು ಎಂದು ಯಾರೂ ಕೇಳದಿದ್ದರೂ ಹೇಳಿದಳು.

ಊಟಕ್ಕೆ ಕೂತರು. ತಾರಸಿಯಿಂದ ಸೀತಾಮಹಾಲಕ್ಷ್ಮಿಯೂ ಬಂದರು. ಚೆನ್ನಮ್ಮ ಯಾರು ಬೇಡವೆಂದರೂ ಕೇಳದೆ ತಾವೇ ಬಡಿಸಲು ನಿಂತರು. ತೊಂಡೆಕಾಯಿ ಹುರಿದದ್ದು ಎಲೆಯ ಮೇಲೆ ಬಿತ್ತು. “ಅಜ್ಜಿ, ಪಲ್ಯ ಅಂದ್ರೆ ಇದು ಪಲ್ಯ! ನಮ್ಮಮ್ಮನ ಕೈ ರುಚಿ ಹಂಗೇ ಇದೆ,” ಎಂದಳು ಇಂಚರಾ.

ಪಲ್ಯ. ದಕ್ಷಿಣಾಮೂರ್ತಿಗಳು ಆ ಮಾತನ್ನು ಕೇಳದವರೇನಲ್ಲ. ಆದರೆ ಹುಟ್ಟಿದಾಗಿನಿಂದ ತಾವು ಅದನ್ನು ತೆಲುಗಿನವರಂತೆ ಕೂರ ಎಂದೇ ಕರೆದದ್ದು, ತಾಯಿ ಒಂದು ದಿನವೂ ಹುಬ್ಬು ಏರಿಸದೆ ಬಡಿಸಿದ್ದು ಈಗ ಹೊಳೆಯಿತು. ಅನ್ನ ಎಂಬ ಮಾತಾದರೂ ಸರಿಯೋ? ಸಾರು? ಸಾಕು? ಯಾವ ಮಾತಿಗೆ ಬಾಯಿ ತೆರೆದರೂ ಅದರ ಕೆಳಗೆ ಕುಣಿ ಇದ್ದೀತೆಂದು ಹೆದರಿ ಅವರು ತಲೆ ತಗ್ಗಿಸಿಕೊಂಡು ಉಣ್ಣತೊಡಗಿದರು. ತಾಯಿ ಹುಳಿ ಬೇಕೇ ಎಂದರೆ ಕೈ ಅಡ್ಡ ಹಿಡಿದರು, ಹಪ್ಪಳ ಎಂದರೆ ತಲೆ ಆಡಿಸಿದರು.

ಚೆನ್ನಮ್ಮನ ಕೈಯ ಸೌಟು ನಿಂತಿತು.

“ಯಾಕೋ ಮಗಾ, ಮಾತೇ ಆಡ್ತಿಲ್ಲ?”

ದಕ್ಷಿಣಾಮೂರ್ತಿಗಳು ತಲೆ ಎತ್ತಿದರು. ದಪ್ಪ ಕನ್ನಡಕದ ಹಿಂದಿನ ಆ ಕಣ್ಣುಗಳಲ್ಲಿ ಅವರು ಹಿಂದೆಂದೂ ಕಾಣದ ಭಯವಿತ್ತು. ಆ ಭಯ ಯಾವುದರದೆಂದು ಅವರಿಗೆ ಇವತ್ತು ಗೊತ್ತಿತ್ತು. ಪಕ್ಕದಲ್ಲಿ ಅಕ್ಕ ತೆಲುಗಿನಲ್ಲಿ ಉಪ್ಪು ಕೇಳುತ್ತಿದ್ದರು. ಇಂಚರಾ ಎಲೆಯನ್ನೇ ನೋಡುತ್ತ ಕೂತಿದ್ದಳು. ಪಲ್ಯ ಎಂಬ ಮಾತು, ತಿದ್ದಿಕೊಂಡು ತೊಳೆದಿಟ್ಟಂತೆ, ಅವರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವರು ಅದನ್ನು ನುಂಗಿದರು.

“ಏನಿಲ್ಲಮ್ಮಾ, ಹಸಿವಾಗಿತ್ತು ಅಷ್ಟೆ. ಇನ್ನೊಂಚೂರು ಕೂರ ಹಾಕು.”

“ತಗೋ ಕಣಪ್ಪಾ,” ಎಂದು ಚೆನ್ನಮ್ಮ ಎಲೆ ತುಂಬ ಪಲ್ಯ ಬಡಿಸಿದರು.